ಅರ್ಧ ಸುಲಿದ ನಿಂಬೆಹಣ್ಣು

ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆ ಆ ದೃಶ್ಯ ನೆನಪಿದ್ದೇ ಇರುತ್ತದೆ. ಕೋಣೆಯ ನಡುವೆ ಒಂದು ಸ್ಟೂಲು, ಅದರ ಮೇಲೆ ಹಾಸಿದ ಬಟ್ಟೆ, ಬಟ್ಟೆಯ ಮೇಲೆ ಒಂದು ಚೊಂಬು, ಪಕ್ಕದಲ್ಲಿ ಎರಡು ಬದನೆಕಾಯಿ. ಸುತ್ತ ಕೂತು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಚಾಚಿ ಅಳತೆ ನೋಡುತ್ತಿರುವ ಮಕ್ಕಳು. ಕಲಾಶಾಲೆಗಳಲ್ಲಿ ಸ್ಟಿಲ್ ಲೈಫ್ ಎಂದು ಕರೆಯುವ ಈ ವಸ್ತುಚಿತ್ರದ ಪಾಠ ನಮ್ಮಲ್ಲಿಗೆ ಯುರೋಪಿನಿಂದ ಬಂತು. ಅಲ್ಲಿ ಅದು ಬರೀ ಪಾಠವಾಗಿರಲಿಲ್ಲ. ಎಷ್ಟೋ ಚಿತ್ರಕಾರರು ಇಡೀ ಆಯುಸ್ಸನ್ನು ಒಂದು ಮೇಜು, ನಾಲ್ಕು ಪಾತ್ರೆ, ಒಂದಿಷ್ಟು ಹಣ್ಣಿನ ಎದುರು ಕಳೆದಿದ್ದಾರೆ.

ಯುರೋಪಿನ ಚಿತ್ರಕಲೆಯ ಚರಿತ್ರೆಯನ್ನು ಸಂತರು, ರಾಜರು, ಯುದ್ಧಗಳ ದೊಡ್ಡ ಚಿತ್ರಗಳ ಮೂಲಕ ಹೇಳುವುದು ವಾಡಿಕೆ. ನನಗೆ ಅದನ್ನು ಊಟದ ಮೇಜಿನ ಮೇಲಿರುವ ಒಂದು ನಿಂಬೆಹಣ್ಣು ಹಿಡಿದು ಹೇಳುವ ಆಸೆ. ಪಂಥಗಳು ಬಂದವು, ಹೋದವು; ಮೇಜಿನ ಮೇಲಿನ ಸಾಮಾನು ಹೆಚ್ಚು ಬದಲಾಗಲಿಲ್ಲ. ಹಾಗಾಗಿ ನೋಡುವ ಬಗೆ ಎಷ್ಟು ಬದಲಾಯಿತು ಎಂಬುದು ಇಲ್ಲಿ ಕಾಣಿಸುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣಿಸುವುದಿಲ್ಲ.

ಹಣ್ಣು ಬಿಡಿಸುವ ಅಭ್ಯಾಸ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಹೂತುಹೋದ ಹರ್ಕ್ಯುಲೇನಿಯಂ ಪಟ್ಟಣದ ಗೋಡೆಯೊಂದರ ಮೇಲೆ ಹಸಿರು ಪೀಚ್ ಹಣ್ಣುಗಳೂ ಅರ್ಧ ನೀರು ತುಂಬಿದ ಗಾಜಿನ ಪಾತ್ರೆಯೂ ಇದ್ದವು. ಅದೀಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಗಾಜಿನೊಳಗೆ ನೀರು ಎಲ್ಲಿಗೆ ನಿಂತಿದೆ ಎಂಬುದನ್ನು ಆ ಹೆಸರಿಲ್ಲದ ಕಲಾವಿದ ಕೆಲವೇ ಬಿಳಿ ಗೆರೆಗಳಲ್ಲಿ ತೋರಿಸುತ್ತಾನೆ. ಆಮೇಲೆ ಚರ್ಚು, ದೇವಚಿತ್ರಗಳ ಕಾಲ ಬಂದು, ಹಣ್ಣುಹಂಪಲು ಚಿತ್ರದ ಮೂಲೆಗೆ ಸರಿದವು. ಯಾನ್ ವಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರ ನೋಡಿದವರಿಗೆ ಕಿಟಕಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುವ ಕಿತ್ತಳೆ ಗೊತ್ತಿರುತ್ತದೆ. ನನ್ನ ಕಣ್ಣು ಪ್ರತಿ ಸಲ ಆ ದಂಪತಿಗಿಂತ ಮೊದಲು ಅಲ್ಲಿಗೇ ಹೋಗುತ್ತದೆ.

ಆ ಕಿತ್ತಳೆ ಹಾಗೆ ಬೆಳಕು ಹಿಡಿದು ಕೂತಿರುವುದಕ್ಕೆ ಕಾರಣ ಎಣ್ಣೆ. ಅದಕ್ಕೂ ಮೊದಲು ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಿದ್ದರು. ಅದು ನೋಡನೋಡುತ್ತಿದ್ದಂತೆ ಒಣಗುತ್ತದೆ. ಒಂದು ಬಣ್ಣವನ್ನು ಇನ್ನೊಂದರೊಳಗೆ ನಯವಾಗಿ ಕರಗಿಸುವುದಕ್ಕೆ ಪುರಸೊತ್ತೇ ಕೊಡುವುದಿಲ್ಲ. ಅಗಸೆ ಎಣ್ಣೆಯ ಸ್ವಭಾವ ಬೇರೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಗೆ ಅಗಸಿ ಹಿಂಡಿ ಮಾಡುತ್ತಾರಲ್ಲ, ಅದೇ ಬೀಜದ ಎಣ್ಣೆ. ನೀರಿನ ಹಾಗೆ ಆವಿಯಾಗಿ ಅದು ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು, ದಿನಗಟ್ಟಲೆ ಸಮಯ ತೆಗೆದುಕೊಂಡು, ಗಟ್ಟಿ ಪೊರೆಯಾಗುತ್ತದೆ. ಆ ಪೊರೆಯ ಮೇಲೆ ಇನ್ನೊಂದು ತೆಳುವಾದ, ಪಾರದರ್ಶಕ ಬಣ್ಣ ಸವರಬಹುದು. ಬೆಳಕು ಮೇಲಿನ ಪದರ ದಾಟಿ ಒಳಗೆ ಹೋಗಿ, ಕೆಳಗಿನ ಬಿಳಿಗೆ ತಗಲಿ, ಬಣ್ಣ ಹಚ್ಚಿಕೊಂಡು ಹೊರಗೆ ಬರುತ್ತದೆ. ಎಣ್ಣೆಬಣ್ಣವನ್ನು ಕಂಡುಹಿಡಿದವನು ವಾನ್ ಐಕ್ ಎಂಬ ಹಳೆಯ ಕಥೆ ನಿಜವಲ್ಲ. ಅದರ ಪೂರ್ಣ ಶಕ್ತಿಯನ್ನು ತೋರಿಸಿಕೊಟ್ಟವರಲ್ಲಿ ಅವನು ಮೊದಲಿಗ ಎನ್ನುವುದು ನಿಜ.

ಮೂಲೆಯ ಹಣ್ಣು ಚಿತ್ರದ ನಡುವಿಗೆ ಬರುವುದಕ್ಕೆ ಇನ್ನೂ ನೂರೈವತ್ತು ವರ್ಷ ಹಿಡಿಯಿತು. 1600ರ ಆಸುಪಾಸಿನಲ್ಲಿ ಅದು ಇಟಲಿಯಲ್ಲೂ ಸ್ಪೇನಿನಲ್ಲೂ ಹಾಲೆಂಡಿನಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯಿತು. ಮಿಲಾನಿನ ಆಂಬ್ರೋಸಿಯಾನ ಸಂಗ್ರಹಾಲಯದಲ್ಲಿರುವ, ಇಟಲಿಯ ಚಿತ್ರಕಾರ ಕಾರವಾಜೋನ ಹಣ್ಣಿನ ಬುಟ್ಟಿಯಲ್ಲಿ ಸೇಬಿಗೆ ಹುಳು ಹಿಡಿದಿದೆ, ಎಲೆಗಳು ಸುರುಟಿವೆ. ಬುಟ್ಟಿಯ ತಳ ಅಂಚಿನಿಂದ ತುಸು ಹೊರಗೆ ಚಾಚಿದ್ದು, ಕೈಯೊಡ್ಡಿ ಹಿಡಿಯೋಣ ಅನ್ನಿಸುತ್ತದೆ. ಸ್ಪೇನಿನ ಸಾಂಚೆಸ್ ಕೊತಾನ್ ಕೋಸನ್ನು ದಾರ ಕಟ್ಟಿ ಕಪ್ಪು ಕಿಟಕಿಯೊಳಗೆ ನೇತುಬಿಟ್ಟ. 1603ರಲ್ಲಿ ಅಂಗಡಿ ಮುಚ್ಚಿ ಮಠ ಸೇರಿದ. ಅವನ ನಾಡಿನವನೇ ಆದ ಸುರ್ಬರಾನ್ 1633ರಲ್ಲಿ ತವರದ ತಟ್ಟೆಯಲ್ಲಿ ಮಾದಲಹಣ್ಣು, ಬುಟ್ಟಿಯಲ್ಲಿ ಹೂವಿನ ಸಮೇತ ಕಿತ್ತಳೆ, ಬಟ್ಟಲಲ್ಲಿ ನೀರು, ಪಕ್ಕದಲ್ಲಿ ಒಂದು ಗುಲಾಬಿ ಇಟ್ಟು ಬರೆದ ಚಿತ್ರ ದೇವರ ಮುಂದಿನ ನೈವೇದ್ಯದಷ್ಟು ಮೌನವಾಗಿದೆ.

ನಾನು ಹೇಳಹೊರಟ ನಿಂಬೆ ಮಾತ್ರ ಹಾಲೆಂಡಿನ ಹಾರ್ಲೆಂ ಪಟ್ಟಣದ್ದು. ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚುಗಳು ದೇವಚಿತ್ರ ಬರೆಸುತ್ತಿರಲಿಲ್ಲ. ಕಲಾವಿದರು ಪೇಟೆಯನ್ನೇ ನಂಬಬೇಕಾಯಿತು. ವರ್ತಕರು, ಬಟ್ಟೆ ಮಾರುವವರು, ಬಿಯರ್ ತಯಾರಿಸುವವರು ಮನೆಯ ಗೋಡೆಗೆಂದು ಚಿತ್ರ ಕೊಂಡರು. ಅಕ್ಕಸಾಲಿಗರಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ ಇರುವ ಹಾಗೆ, ಚಿತ್ರಕಾರರಲ್ಲೂ ಒಬ್ಬರು ಹೂವಿಗೆ, ಒಬ್ಬರು ಮೀನಿಗೆ, ಒಬ್ಬರು ಬೆಳಗಿನ ತಿಂಡಿಯ ಮೇಜಿಗೆ ಹೆಸರಾದರು. ತಿಂಡಿಯ ಮೇಜಿನಲ್ಲಿ ಪೀಟರ್ ಕ್ಲಾಸ್ ಮತ್ತು ವಿಲ್ಲೆಮ್ ಹೇಡಾ ಎಂಬಿಬ್ಬರದು ಎತ್ತಿದ ಕೈ. ಕ್ಲಾಸ್ 1627ರಲ್ಲಿ ಬರೆದ ಒಂದು ಮೇಜಿನ ಮೇಲೆ ಟರ್ಕಿ ಕೋಳಿಯ ಕಡುಬಿದೆ, ಚೀನಾದ ಪಿಂಗಾಣಿ ಬಟ್ಟಲಿದೆ, ಪಂಚಾಂಗದ ಹಾಳೆ ಸುತ್ತಿ ಮಾಡಿದ ಮೆಣಸಿನ ಪೊಟ್ಟಣವೂ ಇದೆ. ನಮ್ಮ ಶೆಟ್ಟರ ಅಂಗಡಿಯಲ್ಲಿ ಹಳೇ ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದ ಪೊಟ್ಟಣದ ಹಾಗೆಯೇ ಅದರ ಬಾಯಿ ತೆರೆದುಕೊಂಡಿದೆ.

ಹೇಡಾ 1635ರಲ್ಲಿ ಬರೆದದ್ದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ: 88 ಸೆಂಟಿಮೀಟರ್ ಎತ್ತರ, 113 ಸೆಂಟಿಮೀಟರ್ ಅಗಲದ ಹಲಗೆ. ಊಟ ಮಾಡುತ್ತಿದ್ದವರು ಈಗಷ್ಟೇ ಎದ್ದು ಹೋದಂತಿದೆ. ಮುದುಡಿದ ಬಿಳಿ ಬಟ್ಟೆ, ತವರದ ಹೂಜಿ, ಮಗುಚಿ ಬಿದ್ದ ಬೆಳ್ಳಿಯ ಪಾತ್ರೆ, ಸಿಂಪಿಗಳು, ವೈನಿನ ಗಾಜು, ಒಂದು ನಿಂಬೆ. ಇಡೀ ಚಿತ್ರ ಬೂದಿ, ಕಂದು, ಮಾಸಲು ಹಸಿರು. ಚಿನ್ನದ ಲೇಪದ ಬಟ್ಟಲು ಹಿಂದೆ ನಿಂತು ಮಿನುಗುತ್ತದೆ. ಅದಕ್ಕೆ ಮುಂದಿನಿಂದ ಉತ್ತರ ಕೊಡುವುದು ನಿಂಬೆಯ ಹಳದಿ.

ಇದು ನಾವು ಶರಬತ್ತಿಗೆ ಹಿಂಡುವ ದುಂಡನೆಯ, ತೆಳುಸಿಪ್ಪೆಯ ನಿಂಬೆಯಲ್ಲ. ಗಜನಿಂಬೆಯ ಜಾತಿ, ಮೊಟ್ಟೆಯಾಕಾರ, ದಪ್ಪ ಸಿಪ್ಪೆ. ಮೆಡಿಟರೇನಿಯನ್ ಸೀಮೆಯಿಂದ ಹಡಗಿನಲ್ಲಿ ಬರುತ್ತಿತ್ತು. ಚಿತ್ರಕಾರರು ಇದಕ್ಕೆ ಮರುಳಾದದ್ದು ಏಕೆಂದು ಒಂದು ಹಣ್ಣನ್ನು ಅರ್ಧ ಸುಲಿದು ಕಿಟಕಿಯ ಬಳಿ ಇಟ್ಟರೆ ತಿಳಿಯುತ್ತದೆ. ಒಂದೇ ಹಣ್ಣಿನಲ್ಲಿ ನಾಲ್ಕು ಬಗೆಯ ಮೈ. ಹೊರಗೆ ಸಣ್ಣ ಸಣ್ಣ ಗುಳಿಬಿದ್ದ, ಎಣ್ಣೆ ಜಿನುಗುವ ಸಿಪ್ಪೆ. ಅದರ ಒಳಗೆ ಬೆಣ್ಣೆಯ ಹಾಗೆ ಬೆಳಕನ್ನು ನುಂಗುವ ಬಿಳಿ ತಿರುಳು. ತೊಳೆಗಳ ಮೇಲಿನ ತೆಳು ಪೊರೆ. ಆ ಪೊರೆ ಹರಿದಲ್ಲಿ ಬೆಳಕನ್ನು ಆಚೆಗೆ ಬಿಡುವ ಒದ್ದೆ ರಸದ ಕಾಳು. ಎಣ್ಣೆಬಣ್ಣ ಬಲ್ಲವನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಕೆಲಸ ಹಲಗೆಯಿಂದಲೇ ಶುರು. ಓಕ್ ಮರದ ಹಲಗೆಗೆ ಸೀಮೆಸುಣ್ಣವನ್ನು ಅಂಟಿನಲ್ಲಿ ಕಲಸಿ ಬಳಿದು, ಉಜ್ಜಿ ನುಣುಪು ಮಾಡುತ್ತಿದ್ದರು. ಆಮೇಲೆ ನೆರಳು ಬೆಳಕಿನ ಇಡೀ ಹಂಚಿಕೆಯನ್ನು ಮಂಕು ಕಂದಿನಲ್ಲಿ ಹಾಕುವುದು. ಈ ಹಂತಕ್ಕೆ ಡಚ್ ಭಾಷೆಯಲ್ಲಿ 'ಸತ್ತ ಬಣ್ಣ' ಎಂದೇ ಹೆಸರು. ಅದು ಒಣಗಿದ ಮೇಲೆ ಹಣ್ಣಿಗೆ ಜೀವ ಬರುವ ಸರದಿ. ಹಳದಿಗೆ ಅವರಿಗೆ ಸಿಕ್ಕಿದ್ದು ಸೀಸ ಮತ್ತು ತವರವನ್ನು ಕುಲುಮೆಯಲ್ಲಿ ಒಟ್ಟಿಗೆ ಕಾಯಿಸಿ ಪಡೆದ ಒಂದು ಪುಡಿ. ದಪ್ಪನೆಯ, ಮೈತುಂಬಿದ ಬಣ್ಣ. ಕುಂಚದ ತುದಿಯಿಂದ ಅದನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟರೆ ಒಂದೊಂದು ಚುಕ್ಕೆಯೂ ಉಬ್ಬಿ ನಿಲ್ಲುತ್ತದೆ. ನಡುನಡುವೆ ಕೆಳಗಿನ ಕಂದು ಇಣುಕಿದಲ್ಲಿ ಗುಳಿಯಾಗುತ್ತದೆ. ಸಿಪ್ಪೆಯ ಚಿತ್ರ ಬರೆಯುವ ಬದಲು ಬಣ್ಣದಲ್ಲೇ ಸಿಪ್ಪೆ ಮಾಡಿದಂತಾಯಿತು. ಬಿಳಿ ತಿರುಳಿಗೆ ಸೀಸದ ಬಿಳಿಯನ್ನು ಗಟ್ಟಿಯಾಗಿ ಎಳೆಯುವುದು. ರಸದ ಕಾಳಿಗೆ ಇದಕ್ಕೆ ವಿರುದ್ಧವಾಗಿ ಎಣ್ಣೆ ಹೆಚ್ಚಿದ ತೆಳು ಹಳದಿಯನ್ನು ಸವರಿ, ಒಳಗಿನ ಪದರವೇ ಹೊಳೆಯಲು ಬಿಡುವುದು. ಕೊನೆಗೆ ಒದ್ದೆ ಕಾಣಬೇಕಾದಲ್ಲಿ ಸೂಜಿಮೊನೆಯಷ್ಟು ಬಿಳಿ. ಆ ಬಿಂದು ಒಂದು ಕೂದಲೆಳೆ ಆಚೀಚೆಯಾದರೂ ಹಣ್ಣು ಒಣಗಿಹೋಗುತ್ತದೆ.

ಅಂದಹಾಗೆ, ಈ ಹಳದಿ 18ನೇ ಶತಮಾನದ ನಡುವೆ ಬಳಕೆ ತಪ್ಪಿ ಮರೆತೇ ಹೋಗಿತ್ತು. ಮ್ಯೂನಿಕ್ಕಿನ ಪ್ರಯೋಗಾಲಯದಲ್ಲಿ ರಿಚರ್ಡ್ ಯಾಕೋಬಿ ಎಂಬವರು ಹಳೆಯ ಚಿತ್ರಗಳ ಬಣ್ಣವನ್ನು ಪರೀಕ್ಷಿಸುವಾಗ ಅದರಲ್ಲಿ ತವರ ಕಂಡು ಮತ್ತೆ ಗುರುತು ಹಿಡಿದದ್ದು 1941ರಲ್ಲಿ.

ಸುಲಿದ ಸಿಪ್ಪೆ ಸುರುಳಿಯಾಗಿ ಮೇಜಿನ ಅಂಚು ದಾಟಿ ನೇತಾಡುವುದು ಈ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಚಾಕುವಿನ ಹಿಡಿಯೂ ಹಾಗೆಯೇ, ನಮ್ಮ ಕಡೆಗೆ ಚಾಚಿಕೊಂಡಿರುತ್ತದೆ. ಚಿತ್ರದ ಮೇಜು ನಮ್ಮ ಕೋಣೆಯೊಳಕ್ಕೆ ಬಂತು ಅನ್ನಿಸುವುದು ಇದರಿಂದ. ವೈನಿನ ಗಾಜಿನ ಉಬ್ಬಿನ ಮೇಲೆ ಒಂದು ಕಿಟಕಿಯ ಬಿಂಬ ಇರುತ್ತದೆ. ಆ ಕಿಟಕಿ ಚಿತ್ರದಲ್ಲಿಲ್ಲ, ಚಿತ್ರಕಾರ ಕೂತ ಕೋಣೆಯದು. ಆಂಟ್‌ವರ್ಪಿನ ಕ್ಲಾರಾ ಪೀಟರ್ಸ್ ಇದನ್ನೂ ಮೀರಿಸಿದಳು. 1612ರ ಚಿತ್ರವೊಂದರಲ್ಲಿ ಚಿನ್ನದ ಬಟ್ಟಲಿನ ಉಬ್ಬುಗಳಲ್ಲೆಲ್ಲ ಕುಂಚ ಹಿಡಿದ ತನ್ನದೇ ಪುಟ್ಟ ಬಿಂಬ ಬರೆದಿಟ್ಟಿದ್ದಾಳೆ. ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯ ಮೊತ್ತಮೊದಲ ಬಾರಿಗೆ ಒಬ್ಬ ಚಿತ್ರಕಾರ್ತಿಗೇ ಮೀಸಲಾದ ಪ್ರದರ್ಶನ ಏರ್ಪಡಿಸಿದ್ದು 2016ರಲ್ಲಿ, ಇವಳದು.

ನಿಂಬೆ ನೋಡಲು ಚೆಂದ, ಬಾಯಿಗೆ ಹುಳಿ. ಹಾಗೆಯೇ ಲೋಕದ ಸುಖವೂ ಎಂದು ಈ ಚಿತ್ರಗಳಿಗೆ ಅರ್ಥ ಹೇಳುವವರಿದ್ದಾರೆ. ಇರಬಹುದು. ತಲೆಬುರುಡೆ, ಮರಳಗಡಿಯಾರ ಇಟ್ಟು ಬರೆದ ಚಿತ್ರಗಳಲ್ಲಿ ಆ ಮಾತು ಸ್ಪಷ್ಟವಾಗಿಯೇ ಇದೆ. ಹೇಡಾನ ನಿಂಬೆಯ ಎದುರು ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸಿಪ್ಪೆಯ ಒಂದೊಂದು ಗುಳಿಯನ್ನೂ ಅಷ್ಟು ಪ್ರೀತಿಯಿಂದ ಲೆಕ್ಕ ಹಾಕಿದ ಮನುಷ್ಯ ಅದನ್ನು ತಿರಸ್ಕರಿಸಲು ಹೇಳುತ್ತಿದ್ದಾನೆಂದು ನಂಬುವುದು ಕಷ್ಟ.

ಪ್ಯಾರಿಸಿನ ರಾಜಾಶ್ರಯದ ಕಲಾ ಅಕಾಡೆಮಿ ಮಾತ್ರ ಇಂಥ ಚಿತ್ರಗಳನ್ನು ಕಟ್ಟಕಡೆಯ ಸಾಲಿಗೆ ತಳ್ಳಿತು. 1660ರ ದಶಕದಲ್ಲಿ ಫೆಲಿಬಿಯಾನ್ ಎಂಬ ಲೇಖಕ ಹಾಕಿಕೊಟ್ಟ ಶ್ರೇಣಿಯಲ್ಲಿ ಪುರಾಣ, ಇತಿಹಾಸದ ಚಿತ್ರ ಮೇಲೆ. ಹಣ್ಣು, ಹೂವು, ಚಿಪ್ಪು ಕೆಳಗೆ. ಈ ಅನ್ಯಾಯಕ್ಕೆ ತಕ್ಕ ಉತ್ತರ ಕೊಟ್ಟವನು ಫ್ರಾನ್ಸಿನ ಚಿತ್ರಕಾರ ಶಾರ್ಡನ್. 1728ರಲ್ಲಿ ಹೊಟ್ಟೆ ಬಗೆದು ನೇತುಹಾಕಿದ ತೊರಕೆ ಮೀನಿನ ಚಿತ್ರ ತೋರಿಸಿ ಅದೇ ಅಕಾಡೆಮಿಯ ಸದಸ್ಯನಾದ. ಹೇಡಾ ಮುಚ್ಚಿಟ್ಟ ಕುಂಚದ ಗುರುತನ್ನು ಶಾರ್ಡನ್ ಮುಚ್ಚಲಿಲ್ಲ. ಹತ್ತಿರ ಹೋದರೆ ಒರಟು ಬಣ್ಣದ ಮುದ್ದೆ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಕಾಡುಸ್ಟ್ರಾಬೆರಿಯ ಗೋಪುರ, ಪಕ್ಕದಲ್ಲಿ ಒಂದು ಲೋಟ ನೀರು, ಎರಡು ಬಿಳಿ ಹೂವು. 1761ರ ಆ ಸ್ಟ್ರಾಬೆರಿ ಬುಟ್ಟಿ ದೇಶ ಬಿಟ್ಟು ಹೋಗದಂತೆ ತಡೆಯಲು ಲೂವ್ರ್ ಸಂಗ್ರಹಾಲಯ ಈಚೆಗೆ ಜನರ ಮುಂದೆ ಕೈಯೊಡ್ಡಿದಾಗ ಸಾವಿರಾರು ಮಂದಿ ದುಡ್ಡು ಕೊಟ್ಟರು.

1841ರಲ್ಲಿ ಅಮೆರಿಕದ ಜಾನ್ ಗೋಫ್ ರ‍್ಯಾಂಡ್ ಬಣ್ಣ ತುಂಬಿಡುವ ತವರದ ಟ್ಯೂಬಿಗೆ ಹಕ್ಕುಪತ್ರ ಪಡೆದ. ಅಲ್ಲಿಯವರೆಗೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬು ಬಂದ ಮೇಲೆ ಬಣ್ಣ ಜೇಬಿಗೆ ಬಂತು, ಕೈಯ ವೇಗ ಹೆಚ್ಚಿತು. ಫ್ರಾನ್ಸಿನ ಚಿತ್ರಕಾರ ಮಾನೆ 1880ರಲ್ಲಿ ಒಂದೇ ಒಂದು ನಿಂಬೆ ಬರೆದ. ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಆ ಚಿತ್ರ 14 ಸೆಂಟಿಮೀಟರ್ ಎತ್ತರ, 22 ಸೆಂಟಿಮೀಟರ್ ಅಗಲ; ಒಂದು ನೋಟ್‌ಬುಕ್ಕಿನಷ್ಟು. ಕಪ್ಪು ತಟ್ಟೆ, ಹಳದಿ ಹಣ್ಣು, ಅಷ್ಟೇ. ಇಲ್ಲಿ ಒಣಗಲು ಬಿಟ್ಟ ಪದರಗಳ ಲೆಕ್ಕವಿಲ್ಲ, ಹಸಿಯ ಮೇಲೆ ಹಸಿ ಬಣ್ಣ. ಹೇಡಾ ನೂರು ಚುಕ್ಕೆಯಲ್ಲಿ ಹೇಳಿದ ಸಿಪ್ಪೆಯನ್ನು ಮಾನೆ ಕುಂಚದ ಕೆಲವೇ ಎಳೆತಗಳಲ್ಲಿ ಹೇಳಿ ಸುಮ್ಮನಾಗುತ್ತಾನೆ. ಆಗ ಅವನು ಕಾಯಿಲೆಯಲ್ಲಿದ್ದ, ಮೂರು ವರ್ಷಕ್ಕೆ ತೀರಿಕೊಂಡ. ಒಂದು ಕಟ್ಟು ಶತಾವರಿ ಚಿಗುರಿನ ಚಿತ್ರಕ್ಕೆ ಕೇಳಿದ್ದಕ್ಕಿಂತ ಹೆಚ್ಚು ಹಣ ಕೊಟ್ಟ ಗಿರಾಕಿಗೆ, ನಿಮ್ಮ ಕಟ್ಟಿನಿಂದ ಒಂದು ಉದುರಿತ್ತು ಎಂದು ಇನ್ನೊಂದೇ ಚಿಗುರನ್ನು ಬರೆದು ಕಳಿಸಿಕೊಟ್ಟದ್ದೂ 1880ರಲ್ಲೇ.

ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಸೆಜಾನ್‌ಗೆ ಅವಸರವೇ ಇರಲಿಲ್ಲ. ಹಣ್ಣು ಸರಿಯಾದ ಓರೆಯಲ್ಲಿ ನಿಲ್ಲಲೆಂದು ಕೆಳಗೆ ನಾಣ್ಯ ಸಿಕ್ಕಿಸುತ್ತಿದ್ದ. ಬರೆದು ಮುಗಿಯುವಷ್ಟರಲ್ಲಿ ಹಣ್ಣು ಕೊಳೆಯುತ್ತಿತ್ತು. ಷಿಕಾಗೋದಲ್ಲಿರುವ ಅವನ ಸೇಬಿನ ಬುಟ್ಟಿಯ ಚಿತ್ರದಲ್ಲಿ ಸೀಸೆ ವಾಲಿದೆ. ಮೇಜಿನ ಎಡದ ಅಂಚೂ ಬಲದ ಅಂಚೂ ಒಂದೇ ಗೆರೆಗೆ ಬರುವುದಿಲ್ಲ. ತಪ್ಪಿ ಆದದ್ದಲ್ಲ ಅದು. ಮನುಷ್ಯ ಒಂದೇ ಕಡೆ ನಿಂತು ಒಂದೇ ಕಣ್ಣಿನಿಂದ ನೋಡುವುದಿಲ್ಲ. ತಲೆ ಆಡುತ್ತದೆ, ದೃಷ್ಟಿ ಹರಿದಾಡುತ್ತದೆ. ಆ ಓಡಾಟವನ್ನೇ ಅವನು ಮೇಜಿಗೆ ಇಳಿಸಿದ. ಇದೇ ದಾರಿ ಹಿಡಿದ ಪಿಕಾಸೊ 1912ರಲ್ಲಿ, ಬೆತ್ತದ ಹೆಣಿಗೆಯ ಅಚ್ಚಿದ್ದ ಮೇಣಬಟ್ಟೆಯ ತುಂಡನ್ನು ಅಂಡಾಕಾರದ ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದ. ಮೇಲೆ ಬರೆದದ್ದು ಒಂದು ಗಾಜು, ಚಾಕು, ಪೈಪು, ನಿಂಬೆಯ ಹೋಳು. ನೋಡಿದೊಡನೆ ಕಂಗೆಡಿಸುವ ಚಿತ್ರ. ಹಾರ್ಲೆಮಿನ ತಿಂಡಿಯ ಮೇಜನ್ನು ಒಮ್ಮೆ ಕಣ್ಣಲ್ಲಿ ತುಂಬಿಕೊಂಡು ಬಂದವರಿಗೆ ಅಲ್ಲಿರುವುದು ಅದೇ ಮೇಜು ಎಂದು ಗೊತ್ತಾಗುತ್ತದೆ.

ಹೇಡಾನ ನಿಂಬೆಯನ್ನು ನೋಡಲು ಆಮ್‌ಸ್ಟರ್‌ಡ್ಯಾಮಿಗೇ ಹೋಗಬೇಕೆಂದಿಲ್ಲ. ರೈಕ್ಸ್ ಮ್ಯೂಸಿಯಂ ತನ್ನ ಚಿತ್ರಗಳನ್ನು ಜಾಲತಾಣದಲ್ಲಿ ಪುಕ್ಕಟೆಯಾಗಿ, ದೊಡ್ಡ ಅಳತೆಯಲ್ಲಿ ಇಟ್ಟಿದೆ. ಹೇಡಾನ 1635ರ ಚಿತ್ರ ತೆರೆದು, ನಿಂಬೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ, ಐದು ನಿಮಿಷ ಅಲ್ಲೇ ಇರಿ. ಮನೆಯಲ್ಲಿ ಚಿತ್ರ ಬರೆಯುವ ಮಗು ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ.