ಹಳೆಯ ಟ್ರ್ಯಾಕ್ಟರುಗಳ ಟ್ಯಾಪೆಟ್ ಕವರಿನಿಂದ ಆಯಿಲ್ ಸೋರುವುದು ಮತ್ತು ಅದರ ನಿವಾರಣೆ

ನಮ್ಮ ಸೀಮೆಯಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಟ್ರ್ಯಾಕ್ಟರುಗಳು ಇನ್ನೂ ಅನೇಕವಾಗಿವೆ. ಮಹೀಂದ್ರ ಕಂಪೆನಿಯವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿಯವರೊಡನೆ ಕೂಡಿ 1963ನೆಯ ಇಸವಿಯಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ಹೊರಬಂದ ಬಿ-275, ಎಚ್.ಎಂ.ಟಿ.ಯವರ ಹಳೆಯ ಗಾಡಿಗಳು ಮೊದಲಾದವನ್ನು ತಂದೆಯ ಕಾಲದಿಂದ ಮಗನ ಕಾಲದವರೆಗೂ ನಡೆಸಿಕೊಂಡು ಬಂದಿರುವ ಮನೆತನಗಳುಂಟು. ಇಂಥ ಗಾಡಿಗಳಲ್ಲಿ ಇಂಜಿನ್ನಿನ ನೆತ್ತಿಯಿಂದ ಆಯಿಲ್ ಒಸರಿ, ಧೂಳು ಕೂಡಿ, ಪಕ್ಕಗಳಲ್ಲಿ ಕಪ್ಪಾಗಿ ಮೆತ್ತಿಕೊಂಡಿರುವುದು ಸಾಮಾನ್ಯ ದೃಶ್ಯವಾಗಿದೆ. ವಿಚಾರಿಸಿದರೆ, “ಹಳೆಯ ಗಾಡಿ, ಸೋರುವುದು ಸಹಜ” ಎಂಬ ಉತ್ತರ ಬರುತ್ತದೆ. ಈ ಅಭಿಪ್ರಾಯವು ಸರಿಯಲ್ಲ. ಅಲ್ಪ ಖರ್ಚಿನಿಂದ ಈ ದೋಷವನ್ನು ನಿವಾರಿಸಬಹುದು. ಆದರೆ ಕಾರಣವನ್ನರಿಯದೆ ನಟ್ಟುಗಳನ್ನು ಬಿಗಿಯುತ್ತ ಹೋದರೆ ದೋಷವು ಹೆಚ್ಚುವುದೇ ಹೊರತು ಕಡಿಮೆಯಾಗದು.

ಸೋರುವುದರಿಂದಾಗುವ ನಷ್ಟ.— ಆಯಿಲಿನ ಬೆಲೆಯೊಂದೇ ನಷ್ಟವೆಂದು ಭಾವಿಸಬಾರದು. ಹನಿಹನಿಯಾಗಿ ಸೋರಿ ಆಯಿಲಿನ ಮಟ್ಟವು ಡಿಪ್‌ಸ್ಟಿಕ್ಕಿನ ಕೆಳಗಿನ ಗೆರೆಗಿಂತಲೂ ಇಳಿದುದನ್ನು ಗಮನಿಸದೆ ಉಳುಮೆಗೆ ಹೂಡಿದರೆ ಬೇರಿಂಗುಗಳು ಸವೆದು, ಇಂಜಿನ್ ಕಚ್ಚಿಕೊಂಡು ನಿಲ್ಲುವ ಸಂಭವವುಂಟು. ಎರಡನೆಯದಾಗಿ, ರಬ್ಬರಿನ ನೀರುಕೊಳವೆಗಳೂ ಫ್ಯಾನ್ ಬೆಲ್ಟೂ ಆಯಿಲಿನಲ್ಲಿ ನೆನೆದು ಬೇಗ ಕೆಡುತ್ತವೆ. ಮೂರನೆಯದು ಎಲ್ಲಕ್ಕಿಂತ ಭಯಂಕರವಾದುದು. ಸೋರಿದ ಆಯಿಲ್ ಕಾದಿರುವ ಹೊಗೆಕೊಳವೆಯ ಬುಡಕ್ಕೆ ಬಿದ್ದರೆ ಹೊಗೆಯೇಳುವುದಲ್ಲದೆ, ಕೆಲವು ವೇಳೆ ಬೆಂಕಿಯೂ ಹತ್ತುತ್ತದೆ. ಒಕ್ಕಣೆಯ ಕಣದಲ್ಲಿ ಒಣಹುಲ್ಲಿನ ಮಧ್ಯೆ ನಿಂತಿರುವ ಟ್ರ್ಯಾಕ್ಟರಿಗೆ ಹೀಗಾದರೆ ಒಂದು ವರ್ಷದ ಫಸಲೂ ಮೇವೂ ಅಪಾಯಕ್ಕೆ ಗುರಿಯಾಗುವುವು.

ಕಾರಣಗಳು.— ವಾಲ್ವುಗಳನ್ನೊತ್ತುವ ರಾಕರುಗಳ ಮೇಲೆ ತಗಡಿನ ಅಥವಾ ಎರಕದ ಮುಚ್ಚಳವೊಂದಿರುತ್ತದೆ. ಇದನ್ನೇ ಟ್ಯಾಪೆಟ್ ಕವರ್ ಎನ್ನುವರು. ಈ ಮುಚ್ಚಳಕ್ಕೂ ಇಂಜಿನ್ನಿನ ಹೆಡ್ಡಿಗೂ ನಡುವೆ ಕಾರ್ಕಿನ ಅಥವಾ ರಬ್ಬರಿನ ಪ್ಯಾಕಿಂಗ್ ಇರುವುದು. ಇಲ್ಲಿಂದ ಸೋರಲು ಮುಖ್ಯ ಕಾರಣಗಳು ಮೂರು: (1) ಕಾವಿನಿಂದ ಪ್ಯಾಕಿಂಗ್ ಗಡುಸಾಗಿ ಬಿರಿಯುವುದು, (2) ನಟ್ಟುಗಳನ್ನು ಅತಿಯಾಗಿ ಬಿಗಿದುದರಿಂದ ಪ್ಯಾಕಿಂಗ್ ನಜ್ಜುಗುಜ್ಜಾಗಿ, ಮುಚ್ಚಳದ ಅಂಚು ಡೊಂಕಾಗುವುದು, (3) ಬ್ರೀದರ್ ಕಟ್ಟಿಕೊಳ್ಳುವುದು. ಪಿಸ್ಟನ್ನಿನ ಪಕ್ಕದಿಂದ ಕೆಳಕ್ಕೆ ನುಸುಳುವ ಹೊಗೆಯು ಬ್ರೀದರಿನ ಮೂಲಕ ಹೊರಗೆ ಹೋಗತಕ್ಕದ್ದು. ಆ ದಾರಿಯು ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ, ಆಯಿಲನ್ನು ಸಂದುಗಳಿಂದ ಹೊರದೂಡುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೂ ಕೆಲವು ದಿನಗಳಲ್ಲೇ ಮತ್ತೆ ಸೋರುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಪರೀಕ್ಷಿಸುವ ಕ್ರಮ.— ತಣ್ಣಗಿರುವ ಇಂಜಿನ್ನನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ತೊಳೆದು, ಒರಸಿ, ಚೆನ್ನಾಗಿ ಒಣಗಿಸಬೇಕು. ಬಳಿಕ ಮುಚ್ಚಳದ ಅಂಚಿನ ಸುತ್ತಲೂ ಸೀಮೆಸುಣ್ಣದ ಪುಡಿಯನ್ನುದುರಿಸಿ ಇಂಜಿನ್ನನ್ನು ಕಾಲು ಗಂಟೆ ನಡೆಸಿದರೆ ಸೋರುವ ಸ್ಥಳದಲ್ಲಿ ಪುಡಿಯು ಒದ್ದೆಯಾಗುವುದು. ಆಯಿಲ್ ಕೆಳಕ್ಕೆ ಹರಿಯುವುದರಿಂದ ಒದ್ದೆಯಾದ ಭಾಗಗಳಲ್ಲಿ ಅತಿ ಮೇಲಿರುವುದೇ ಮೂಲವೆಂದು ತಿಳಿಯತಕ್ಕದ್ದು. ಅನಂತರ ನಿಧಾನವಾಗಿ ನಡೆಯುತ್ತಿರುವ ಇಂಜಿನ್ನಿನ ಆಯಿಲ್ ಹಾಕುವ ಮುಚ್ಚಳವನ್ನು ಜಾಗರೂಕತೆಯಿಂದ ತೆಗೆದು ನೋಡಬೇಕು. ಹೊಗೆಯು ಬಲವಾಗಿ ಚಿಮ್ಮಿದರೆ ಬ್ರೀದರನ್ನು ಬಿಚ್ಚಿ ಡೀಸೆಲಿನಲ್ಲಿ ತೊಳೆದು ಒಣಗಿಸಿ ಹಾಕಬೇಕು. ಆಗಲೂ ಚಿಮ್ಮುತ್ತಿದ್ದರೆ ರಿಂಗು ಅಥವಾ ಲೈನರು ಸವೆದಿರುವ ಸೂಚನೆ. ಅದು ಪ್ಯಾಕಿಂಗಿನಿಂದ ವಾಸಿಯಾಗುವ ರೋಗವಲ್ಲ, ತಿಳಿದ ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು.

ರಿಪೇರಿಯ ವಿಧಾನ.— ನಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಿ, ಮುಚ್ಚಳವು ಅಂಟಿಕೊಂಡಿದ್ದರೆ ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ ಬಿಡಿಸಬೇಕು. ಸ್ಕ್ರೂಡ್ರೈವರನ್ನು ಸಂದಿನಲ್ಲಿ ತೂರಿ ಮೀಟತಕ್ಕದ್ದಲ್ಲ; ಅದರಿಂದ ಅಂಚು ಹಾಳಾಗುವುದು. ಹಳೆಯ ಪ್ಯಾಕಿಂಗಿನ ಚೂರುಗಳು ಇಂಜಿನ್ನಿನೊಳಕ್ಕೆ ಬೀಳದಂತೆ ಶುಭ್ರವಾದ ಬಟ್ಟೆಯನ್ನು ಹೊದಿಸಿ, ಎರಡು ಮೈಗಳನ್ನೂ ಕೆರೆದು ಒರಸಬೇಕು. ಬಟ್ಟೆಯನ್ನು ಹಿಂದಕ್ಕೆ ತೆಗೆಯಲು ಮರೆಯಬಾರದು. ಮುಚ್ಚಳವನ್ನು ದಪ್ಪ ಗಾಜಿನ ಮೇಲೆ ಬೋರಲಿಟ್ಟರೆ ಅಂಚಿನ ಡೊಂಕು ತಿಳಿಯುವುದು. ತಗಡಿನ ಮುಚ್ಚಳವಾದರೆ ಮರದ ತುಂಡಿನ ಮೇಲಿಟ್ಟು ಹಗುರವಾಗಿ ತಟ್ಟಿ ಸಮಮಾಡಬಹುದು. ಎರಕದ ಮುಚ್ಚಳವನ್ನು ಹೊಡೆಯಲಾಗದು, ಅದು ಸೀಳುತ್ತದೆ. ಮುಚ್ಚಳ ತೆಗೆದಿರುವಾಗಲೇ ಟ್ಯಾಪೆಟ್ ಸಂದನ್ನು ಕೈಪಿಡಿಯಲ್ಲಿರುವ ಅಳತೆಗೆ ಸರಿಯಾಗಿ ಹೊಂದಿಸಿಕೊಂಡರೆ ಒಂದೇ ಶ್ರಮದಲ್ಲಿ ಎರಡು ಕೆಲಸಗಳಾಗುವುವು.

ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರದವರು 2016ನೆಯ ಇಸವಿಯಲ್ಲಿ ತೀರ್ಮಾನಿಸಿದರು. ಇಂಥ ಗಾಡಿಗಳಿಗೆ ಸಿದ್ಧ ಪ್ಯಾಕಿಂಗ್ ದೊರೆಯದಿದ್ದಲ್ಲಿ, ಹಳೆಯದರಷ್ಟೇ ದಪ್ಪದ ಕಾರ್ಕ್ ಹಾಳೆಯ ಮೇಲೆ ಮುಚ್ಚಳವನ್ನಿಟ್ಟು ಗೆರೆಯೆಳೆದು ಕತ್ತರಿಸಿಕೊಳ್ಳಬಹುದು. ಅಂಗಡಿಯಲ್ಲಿ ಒಣಗಿ ಕುಗ್ಗಿದ ಕಾರ್ಕನ್ನು ನೀರಿನಲ್ಲಿ ನೆನೆಸಿದರೆ ಮೊದಲಿನ ಅಳತೆಗೆ ಬರುವುದು. ಮೇಲಿನ ತೇವವನ್ನು ಒರಸಿ ಉಪಯೋಗಿಸಬೇಕು. ಅಂಟನ್ನು ಮುಚ್ಚಳದ ಕಡೆಗೆ ಮಾತ್ರ ತೆಳ್ಳಗೆ ಸವರಿ, ಹೆಡ್ಡಿನ ಕಡೆಗೆ ಹಾಗೆಯೇ ಬಿಡಬೇಕು. ಅಂಟನ್ನು ಧಾರಾಳವಾಗಿ ಮೆತ್ತಿದರೆ ಹೆಚ್ಚಾದುದು ಒಳಗೆ ಉದುರಿ, ಆಯಿಲ್ ಹೀರುವ ಜಾಲರಿಯನ್ನು ಕಟ್ಟುವ ಭಯವಿದೆ. ನಟ್ಟಿನ ಕೆಳಗಿನ ವಾಷರುಗಳು ಸವೆದಿದ್ದರೆ ಅವನ್ನೂ ಬದಲಿಸತಕ್ಕದ್ದು. ಅಲ್ಲಿಂದಲೂ ಆಯಿಲ್ ಒಸರುವುದುಂಟು.

ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಚಿಕ್ಕ ಸ್ಪ್ಯಾನರಿನಿಂದ ನಡುವಿನಿಂದಾರಂಭಿಸಿ, ಒಂದಾದಮೇಲೊಂದರಂತೆ ಅರ್ಧರ್ಧ ಸುತ್ತು ಬಿಗಿಯಬೇಕು. ಪ್ಯಾಕಿಂಗ್ ಅಂಚಿನಲ್ಲಿ ತುಸುವೇ ಉಬ್ಬಿದೊಡನೆ ನಿಲ್ಲಿಸತಕ್ಕದ್ದು. ಇಂಜಿನ್ ಕಾದು ಆರಿದ ಮೇಲೆ ಮತ್ತೊಮ್ಮೆ ನೋಡಿ, ಸಡಿಲವಾದುದನ್ನು ಮಾತ್ರ ಸರಿಪಡಿಸಬೇಕು.

ಜಮೀನುದಾರರು ತಮ್ಮ ಚಾಲಕರಿಗೆ ಪ್ರತಿದಿನ ಬೆಳಗ್ಗೆ ಡಿಪ್‌ಸ್ಟಿಕ್ ನೋಡುವಂತೆ ವಿಧಿಸಿ, ಹಾಕಿದ ಆಯಿಲನ್ನು ಪುಸ್ತಕದಲ್ಲಿ ಬರೆದಿಡಿಸಬೇಕು. ಹೀಗೆ ಮಾಡಿದರೆ ಸೋರಿಕೆಯು ಹೆಚ್ಚುತ್ತಿದೆಯೇ ಎಂಬುದು ಲೆಕ್ಕದಿಂದಲೇ ತಿಳಿಯುವುದು. ಗ್ರಾಮದ ಮುಖಂಡರು, ಬಾಡಿಗೆಗೆ ಬರುವ ಗಾಡಿಯಾಗಲಿ ಊರಿನದಾಗಲಿ, ಇಂಜಿನ್ನಿನ ಮೇಲೆ ಆಯಿಲ್ ಹರಿದಿರುವ ಯಾವ ಟ್ರ್ಯಾಕ್ಟರನ್ನೂ ಸರಿಪಡಿಸದೆ ಕಣದೊಳಕ್ಕೆ ಬಿಡದಂತೆ ಏರ್ಪಾಟು ಮಾಡಿದಲ್ಲಿ ಊರಿಗೆಲ್ಲ ಕ್ಷೇಮವುಂಟಾಗುವುದು.