ಜೋಗದ ನೀರು, ನಮ್ಮ ಮನೆಯ ಬೆಳಕು

ಮಳೆಗಾಲ ಬಂತೆಂದರೆ ನಮ್ಮ ಮನೆ ಮಕ್ಕಳದ್ದು ಒಂದೇ ಹಠ, "ಜೋಗಕ್ಕೆ ಹೋಗುವ." ಕಳೆದ ಆಗಸ್ಟ್‌ನಲ್ಲಿ ಎರಡು ದಿನ ರಜೆ ಸಿಕ್ಕಿದ್ದೇ ತಡ, ಸುಬ್‌ಹಿ ನಮಾಝ್ ಮುಗಿಸಿ, ಪತ್ತಿರ್ ಮತ್ತು ಕೋಳಿ ಸಾರು ಕಟ್ಟಿಕೊಂಡು ಎರಡು ಮನೆಯವರು ಕೂಡಿ ಹೊರಟೆವು. ಹೆಬ್ರಿ ದಾಟಿ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಎದುರಿನ ವಾಹನವೇ ಕಾಣದಷ್ಟು ಮಂಜು. ಹಿಂದಿನ ಸೀಟಿನಲ್ಲಿ ಉಮ್ಮನ ದಿಕ್ರ್ ನಿಲ್ಲಲೇ ಇಲ್ಲ.

ಜೋಗ ಒಂದನ್ನೇ ನೋಡಿ ತಿರುಗಿ ಬರುವವರು ಹೆಚ್ಚು. ನಾವು ಈ ಸಲ ಶರಾವತಿಯನ್ನು ಅದರ ಹುಟ್ಟಿನಿಂದಲೇ ನೋಡಿಕೊಂಡು ಹೋದೆವು. ಅದು ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಅಲ್ಲಿ ಅದೊಂದು ಸಣ್ಣ ನೀರಿನ ಸೆಲೆ ಮಾತ್ರ. ಅದೇ ತಾಲೂಕಿನ ಅರಳಸುರಳಿ ಬಳಿ ಅಚ್ಚಕನ್ಯೆ ಜಲಪಾತ. ಹುಡುಗರು ಫೋಟೋ ತೆಗೆಯಲಿಕ್ಕೆಂದು ಪಾಚಿ ಹಿಡಿದ ಬಂಡೆಗೆ ಇಳಿಯಹೊರಟಾಗ ಊರಿನ ಹೆಂಗಸೊಬ್ಬರು ಕೂಗಿ ತಡೆದರು. "ಇಳಿಬೇಡಿ ಮಾರಾಯ್ರೆ, ಮೇಲೆ ಮಳೆ ಬಂದ್ರೆ ಇಲ್ಲಿ ನೀರು ಹೇಳಿ ಕೇಳಿ ಬರೋದಿಲ್ಲ!" ಆ ತಾಯಿಗೆ ಅಲ್ಲಾಹನು ಒಳಿತು ಮಾಡಲಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಮಾತನ್ನು ನೆನಪಿಡಬೇಕು.

ಹೊಸನಗರದ ಮಸೀದಿಯಲ್ಲಿ ಲುಹರ್ ನಮಾಝ್ ಮುಗಿಸಿ ಸಾಗರದ ಕಡೆಗೆ ಹೊರಟೆವು. ಮುಂದೆ ಹೊಳೆ ಇಲ್ಲ, ಕಣ್ಣು ಹಾಯುವವರೆಗೂ ಹಿನ್ನೀರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ನಿಂತ ನೀರು ಅದು. ದಾರಿಯ ಚಹಾದಂಗಡಿಯಲ್ಲಿ ಕೂತಿದ್ದ ಅಜ್ಜರೊಬ್ಬರು ಆ ಕಡೆ ಕೈ ತೋರಿಸಿದರು.

"ನಮ್ಮಪ್ಪನ ಮನೆ, ಗದ್ದೆ, ತೋಟ ಎಲ್ಲ ಅದರಡಿಗೇ ಇದೆ ಸಾಬ್ರೆ. ಊರೂರಿಗೆ ಲೈಟ್ ಬಂತು. ನಮ್ಮ ಮನೆಗೆ ಬಂದದ್ದು ಎಷ್ಟೋ ವರ್ಷ ಬಿಟ್ಟು."

ನಮಗೆ ಚಹಾ ಗಂಟಲಲ್ಲೇ ನಿಂತಿತು. ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಹಲವು ಕುಟುಂಬಗಳು ಎಬ್ಬಿಸಿ ಕಳಿಸಿದ ಜಾಗದ ಹಕ್ಕುಪತ್ರಕ್ಕಾಗಿ ಇಂದಿಗೂ ಹೋರಾಡುತ್ತಿವೆ ಎಂದು ಪೇಪರಿನಲ್ಲಿ ಓದಿದ್ದೆವು. ಅಂಥವರೊಬ್ಬರ ಮುಖ ನೋಡಿದ್ದು ಅದೇ ಮೊದಲು.

ರಾತ್ರಿ ಸಾಗರದ ನೆಂಟರ ಮನೆಯಲ್ಲಿ ಉಳಿದು ಮರುದಿನ ಬೆಳಿಗ್ಗೆ ಜೋಗ ತಲುಪಿದೆವು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಕೆಳಗಿನ ಕಣಿವೆಗೆ ಧುಮುಕುತ್ತಿದ್ದವು. ಸುಬ್‌ಹಾನಲ್ಲಾಹ್! ಬಾಯಿಂದ ಬೇರೆ ಮಾತೇ ಬರಲಿಲ್ಲ. ಆಗ ಮಗ ಕೇಳಿದ, "ಉಪ್ಪ, ಬೇಸಿಗೆ ರಜೆಯಲ್ಲಿ ಯಾಕೆ ನಾವು ಇಲ್ಲಿಗೆ ಬರುವುದಿಲ್ಲ?"

ಬೇಸಿಗೆಯಲ್ಲಿ ಬಂದರೆ ಕಾಣುವುದು ಹೆಚ್ಚಾಗಿ ಬರೀ ಕಪ್ಪು ಬಂಡೆ. ಮೇಲಿನ ನೀರನ್ನೆಲ್ಲ ಲಿಂಗನಮಕ್ಕಿ ಹಿಡಿದಿಟ್ಟುಕೊಳ್ಳುತ್ತದೆ. ಅದು ಕಾಲುವೆ, ಪೈಪುಗಳಲ್ಲಿ ಹೋಗಿ ಟರ್ಬೈನ್ ತಿರುಗಿಸುತ್ತದೆ. ಶರಾವತಿ ವಿದ್ಯುದಾಗಾರ ಒಂದರ ಸಾಮರ್ಥ್ಯವೇ 1,035 ಮೆಗಾವ್ಯಾಟ್. ಅಣೆಕಟ್ಟಿನ ಕೆಳಗೆ ಸುರಿದ ಮಳೆಯ ನೀರು, ನೀರಿನ ಮಟ್ಟ ಭರ್ತಿ 1,819 ಅಡಿಯ ಹತ್ತಿರ ಬಂದಾಗ ಗೇಟು ತೆರೆದು ಬಿಡುವ ನೀರು, ಇಷ್ಟೇ ಜೋಗದ ಪಾಲು. ಒಂದು ಕಾಲದಲ್ಲಿ ಇಡೀ ನದಿಯೇ ಇಲ್ಲಿ ಬೀಳುತ್ತಿತ್ತು. ಈಗ ಜೋಗದ ವೈಭವ ಮಳೆಗಾಲದ ಅತಿಥಿ.

ಮಗನಿಗೆ ಇದನ್ನೆಲ್ಲ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಫ್ಯಾನ್ ತಿರುಗುವುದು ಆ ಅಜ್ಜನ ಗದ್ದೆಯ ಮೇಲಿನ ನೀರಿನಿಂದಲಾ?" ಎಂದ. ಹೌದು ಎನ್ನದೆ ಏನು ಹೇಳುವುದು?

ಹೊಳೆಯ ದಂಡೆಯಲ್ಲಿ ಕೂತರೂ ವುಝೂ ಮಾಡುವಾಗ ನೀರು ಪೋಲು ಮಾಡಬಾರದೆಂದು ಮದ್ರಸದಲ್ಲಿ ಎಷ್ಟೋ ವರ್ಷಗಳಿಂದ ಕಲಿಸುತ್ತಾ ಬಂದಿದ್ದೇವೆ. ಕರೆಂಟ್ ಕೂಡಾ ನೀರೇ ಎಂಬುದು ನಮಗೇ ಹೊಳೆದಿರಲಿಲ್ಲ. ಈಗ ಕ್ಲಾಸು ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ನಾವು ಹೇಳಬೇಕಾಗಿಲ್ಲ. ಮಗನೇ ಓಡಿ ಹೋಗಿ ಸ್ವಿಚ್ ಆಫ್ ಮಾಡಿ ಬರುತ್ತಾನೆ.