ಕಾವ್ಯದಲ್ಲಿ ತತ್ಸಮ-ತದ್ಭವಗಳ ಆಯ್ಕೆ

ಕನ್ನಡ ಕವಿಗೆ ಒಂದೇ ಅರ್ಥವನ್ನು ಹೇಳಲು ಎರಡು ಮೂರು ಪದಗಳು ಒದಗುವುದುಂಟು: ಸಂಸ್ಕೃತದಿಂದ ಬಂದಂತೆಯೇ ನಿಂತ ತತ್ಸಮ, ಕನ್ನಡದ ನಾಲಗೆಗೆ ಒಗ್ಗಿ ರೂಪಾಂತರ ಹೊಂದಿದ ತದ್ಭವ, ಮತ್ತು ದೇಶ್ಯ. ಇವುಗಳ ಬಳಕೆಯಲ್ಲಿ ವಿವೇಕವಿರಬೇಕೆಂದು ಪೂರ್ವಿಕರು ಬಹು ಹಿಂದೆಯೇ ಎಚ್ಚರಿಸಿರುವರು. 9ನೆಯ ಶತಮಾನದ ಕವಿರಾಜಮಾರ್ಗವು ಸಂಸ್ಕೃತ-ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಸಮಾಸಗೊಳಿಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸುವುದಕ್ಕೆ ಹೋಲಿಸಿ ಹಳಿಯುವುದು. 12ನೆಯ ಶತಮಾನದ ನಯಸೇನನು ಇಂತಹ ಬೆರಕೆಯನ್ನು ತುಪ್ಪಕ್ಕೆ ಎಣ್ಣೆ ಕೂಡಿಸಿದಂತೆ ಎಂದನು. 13ನೆಯ ಶತಮಾನದ ಆಂಡಯ್ಯನು ಇನ್ನೂ ಮುಂದೆ ಹೋಗಿ, ತತ್ಸಮಗಳನ್ನೇ ತೊರೆದು ‘ಕಬ್ಬಿಗರ ಕಾವ’ವನ್ನು ರಚಿಸಿದನು.

ಆಂಡಯ್ಯನು ಸಂಸ್ಕೃತಮೂಲದ ಪದಗಳನ್ನೆಲ್ಲ ಹೊರಗಿಟ್ಟನೆಂದು ಭಾವಿಸುವುದು ಮಾತ್ರ ಸರಿಯಲ್ಲ. ಗ್ರಂಥದ ಹೆಸರಿನಲ್ಲಿಯೇ ಇರುವ ‘ಕಬ್ಬಿಗ’ ಎಂಬುದು ‘ಕಾವ್ಯ’ದ ತದ್ಭವವಾದ ‘ಕಬ್ಬ’ದಿಂದ ಹುಟ್ಟಿದುದು. ಅವನ ನಿಯಮಕ್ಕೆ ಪದದ ರೂಪವೇ ಪ್ರಮಾಣ. ರೂಪಕ್ಕೆ ಇಷ್ಟು ಬೆಲೆ ಏಕೆಂಬುದು ವಿಚಾರಾರ್ಹವಾದುದು.

ಇದಕ್ಕೆ ಒಂದು ಕಾರಣ ಛಂದಸ್ಸಿನಲ್ಲಿಯೇ ದೊರೆಯುವುದು. ಪಾದಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನವು ಬರಬೇಕೆಂಬುದು ಆದಿಪ್ರಾಸದ ನಿಯಮ. ಪದ್ಯವನ್ನು ‘ವರ್ಣ’ ಎಂದು ಆರಂಭಿಸಿದರೆ ಶರಭಪ್ರಾಸವಾಗುವುದು. ಮುಂದಿನ ಪಾದಗಳಿಗೆ ಕರ್ಣ, ಪರ್ಣ, ಸ್ವರ್ಣ ಮೊದಲಾದ ಸಂಸ್ಕೃತ ಪದಗಳೇ ಒದಗುವುವು. ‘ಬಣ್ಣ’ ಎಂದು ಆರಂಭಿಸಿದರೆ ಹಯಪ್ರಾಸ. ಆಗ ಕಣ್ಣು, ಮಣ್ಣು, ಹಣ್ಣು, ತಣ್ಣನೆ ಎಂಬ ಮನೆಮಾತುಗಳು ತಾವಾಗಿ ಬಂದು ನಿಲ್ಲುವುವು. ಹೀಗೆ ಮೊದಲಿನ ಒಂದು ಪದದ ಆಯ್ಕೆಯು ಇಡೀ ಪದ್ಯದ ನುಡಿಯ ಹದವನ್ನು ಗೊತ್ತುಮಾಡುವುದು.

ಗಣದ ದೃಷ್ಟಿಯಿಂದಲೂ ಭೇದವುಂಟು. ‘ಶ್ರೀ’ ಒಂದು ಗುರು, ‘ಸಿರಿ’ ಎರಡು ಲಘು. ಮಾತ್ರೆಗಳು ಸಮವಾದರೂ ಅಕ್ಷರವೃತ್ತದಲ್ಲಿ ಒಂದರ ಸ್ಥಾನಕ್ಕೆ ಇನ್ನೊಂದು ಸಲ್ಲದು.

ಅರ್ಥವ್ಯಾಪ್ತಿಯೂ ಒಂದೇ ಅಲ್ಲ. ‘ವರ್ಣ’ಕ್ಕೆ ರಂಗು, ಅಕ್ಷರ, ಸಮಾಜದ ವಿಭಾಗ ಎಂಬ ಅರ್ಥಗಳಿವೆ, ‘ಬಣ್ಣ’ವು ಮುಖ್ಯವಾಗಿ ಕಣ್ಣಿಗೆ ಕಾಣುವ ರಂಗನ್ನೇ ತೋರುವುದು. ಶ್ಲೇಷವನ್ನು ಬಯಸುವ ಕವಿಗೆ ಮೊದಲನೆಯದು ಬೇಕು; ಚಿತ್ರವನ್ನು ನೇರವಾಗಿ ಕಾಣಿಸಬೇಕೆಂಬವನಿಗೆ ಎರಡನೆಯದು. ಆದುದರಿಂದ ತತ್ಸಮವು ಪ್ರೌಢ, ತದ್ಭವವು ಗ್ರಾಮ್ಯವೆಂಬ ಎಣಿಕೆಗಾಗಲಿ, ತದ್ಭವವೇ ಶುದ್ಧವೆಂಬ ಹಟಕ್ಕಾಗಲಿ ಆಧಾರವಿಲ್ಲ.

ತರಗತಿಯಲ್ಲಿ ‘ಬಣ್ಣವೆಂದರೆ ವರ್ಣ’ ಎಂದು ಹೇಳಿ ಮುಂದೆ ಸಾಗಿದರೆ ಪದ್ಯದ ಅರ್ಥವು ವಿದ್ಯಾರ್ಥಿಗೆ ತಿಳಿಯಬಹುದು. ಕವಿಯು ಆ ಪದವನ್ನೇ ಏಕೆ ಆರಿಸಿದನೆಂಬುದು ತಿಳಿಯದು. ಪ್ರತಿಪದವನ್ನು ಹೇಳಿದ ಬಳಿಕ ಅದನ್ನು ಪದ್ಯದಲ್ಲಿಯೇ ಇಟ್ಟು ಓದಿಸಿ, ಪ್ರಾಸವೂ ಗಣವೂ ಎಲ್ಲಿ ಕೆಡುವುವೆಂಬುದನ್ನು ತೋರಿಸಿದರೆ ಆ ಕಾರಣವು ವಿದ್ಯಾರ್ಥಿಯ ಕಿವಿಗೇ ಗೋಚರವಾಗುವುದು.